ಒಳಗೆ ಕಟ್ಟಿಕೊಂಡ ಗಾಳಿ

ಹೋದ ತಿಂಗಳು ಕುಂದಾಪುರದ ಒಂದು ಸಣ್ಣ ಸಭೆಯಲ್ಲಿ ಮಲಯ್ ಕುಣಿತದ ಬಗ್ಗೆ ಮಾತಾಡಿದ್ದೆ. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅವತ್ತು ಆಡಿದ ಮಾತನ್ನೇ ಇಲ್ಲಿ ಹಾಕಿದ್ದೇನೆ. ಹೊತ್ತಾಯಿತು ಎಂದು ಅಲ್ಲಿ ಬಿಟ್ಟ ಒಂದೆರಡು ಸಂಗತಿಗಳೂ ಸೇರಿವೆ.

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದ ಶುರು ಮಾಡುತ್ತೇನೆ. ಅಂಗಿನ್. ಮಲಯ್ ಭಾಷೆಯಲ್ಲಿ ಹಾಗೆಂದರೆ ಗಾಳಿ. ಮಲೇಷ್ಯಾ ಪರ್ಯಾಯ ದ್ವೀಪದ ಈಶಾನ್ಯ ಮೂಲೆಯಲ್ಲಿ, ಥಾಯ್ಲೆಂಡ್ ಗಡಿಗೆ ತಾಗಿಕೊಂಡು, ಕೆಲಂತಾನ್ ಎಂಬ ರಾಜ್ಯ ಇದೆ. ಅಲ್ಲಿಯ ಹಳ್ಳಿಗಳ ಹಳೇ ನಂಬಿಕೆ ಏನೆಂದರೆ, ಮನುಷ್ಯ ಹುಟ್ಟುವಾಗಲೇ ಅವನೊಳಗೆ ಒಂದು ಗಾಳಿಯೂ ಇರುತ್ತದೆ. ಕೆಲವರದ್ದು ಸಣ್ಣ ಗಾಳಿ, ಕೆಲವರದ್ದು ಬಿರುಗಾಳಿ. ಹಾಡುವವನ ಗಾಳಿ, ಕುಣಿಯುವವಳ ಗಾಳಿ, ಜಗಳಗಂಟನ ಗಾಳಿ, ಎಲ್ಲರೂ ತನ್ನನ್ನು ಮುದ್ದು ಮಾಡಬೇಕು ಎನ್ನುವ ರಾಜಕುಮಾರನ ಗಾಳಿ. ಅದು ಹೊರಗೆ ಬರಲು ದಾರಿ ಸಿಕ್ಕಿದರೆ ಆ ಮನುಷ್ಯ ಚೆನ್ನಾಗಿ ಬದುಕುತ್ತಾನೆ. ದಾರಿ ಸಿಗದೇ ಒಳಗೇ ಕಟ್ಟಿಕೊಂಡರೆ ಕಾಯಿಲೆ ಬೀಳುತ್ತಾನೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾರ ಹತ್ತಿರವೂ ಮಾತು ಬೇಡ.

ನಮ್ಮಲ್ಲಿ ಗಾಳಿ ತಾಗಿದೆ ಅಂದರೆ ಹೊರಗಿಂದ ಏನೋ ಬಂದು ಮೆಟ್ಟಿದೆ ಅಂತ ಅರ್ಥ. ಅವರ ಗಾಳಿ ಹಾಗಲ್ಲ. ಅದು ನಿಮ್ಮದೇ. ಅದಕ್ಕೆ ಮದ್ದು ಅಂದರೆ ಅದನ್ನು ಓಡಿಸುವುದಲ್ಲ, ಬೀಸಲು ಬಿಡುವುದು. ಕಾಯಿಲೆಯವರನ್ನು ನಡುವೆ ಕೂರಿಸಿ, ರೆಬಾಬ್ ಎಂಬ ತಂತಿವಾದ್ಯ ನುಡಿಸಿ, ಹಾಡಿ, ಅವರ ಗಾಳಿ ಎದ್ದು ಅವರೇ ಕುಣಿಯುವವರೆಗೂ ರಾತ್ರಿಯಿಡೀ ಕಾಯುವ ಆಚರಣೆಯೊಂದಿದೆ. ಅದರ ಹೆಸರು ಮಾಯಿನ್ ಪುತೆರಿ. ಪುತೆರಿ ಅಂದರೆ ನಮ್ಮ ಪುತ್ರಿಯೇ. ಅವರ ಮಾತಿನಲ್ಲಿ ಅದಕ್ಕೆ ರಾಜಕುಮಾರಿ ಅಂತ ಅರ್ಥ.

ಈ ಪದ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ಮನೆಯವರ ಕೆಲಸದಿಂದಾಗಿ ನಾನು ಹನ್ನೊಂದು ವರ್ಷ ಜೋಹೋರ್ ಬಾರುವಿನಲ್ಲಿದ್ದೆ, ಸಿಂಗಾಪುರದಿಂದ ಸೇತುವೆ ದಾಟಿದರೆ ಸಿಗುವ ಊರು. ಅಲ್ಲಿ ನನಗೆ ಕುಣಿತ ಕಲಿಸಿದವರು ಕೆಲಂತಾನ್ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಟೀಚರ್. ಅವರನ್ನು ಎಲ್ಲರೂ ಚಿಕ್ಗು ಅನ್ನುತ್ತಿದ್ದರು. ಮಲೇಷ್ಯಾದಲ್ಲಿ ಮೇಷ್ಟ್ರನ್ನು, ಟೀಚರನ್ನು ಕರೆಯುವುದೇ ಹಾಗೆ. ಆ ಪದದ ಕೊನೆಯಲ್ಲಿ ಉಳಿದಿರುವುದು ನಮ್ಮ 'ಗುರು'ವಿನ ಗು. ಒಂದು ದಿನ ಪಾಠ ಮುಗಿದ ಮೇಲೆ ಅವರು ನನ್ನನ್ನು ನೋಡಿ, "ನಿನಗೆ ಅಂಗಿನ್ ಇದೆ, ಇಷ್ಟು ವರ್ಷ ಎಲ್ಲಿಟ್ಟಿದ್ದೆ ಅದನ್ನು?" ಅಂದರು. ನನಗಾಗ ಮೂವತ್ತೆಂಟು ವರ್ಷ. ಚಿಕ್ಕವಳಿದ್ದಾಗ ಯಕ್ಷಗಾನ ಮೇಳದವರ ಚೌಕಿಯ ಹೊರಗೆ ನಿಂತು ಬಣ್ಣ ಹಚ್ಚುವುದನ್ನು ನೋಡಿದ್ದು ಬಿಟ್ಟರೆ ನನಗೂ ಕುಣಿತಕ್ಕೂ ಸಂಬಂಧ ಇರಲಿಲ್ಲ. ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ ಅನ್ನುವ ಮನೆ ನಮ್ಮದು.

ಅವರು ಮೊದಲು ಕಲಿಸಿದ್ದು ಜಾಪಿನ್. ಇದು ಜೋಹೋರಿನ ಹೆಮ್ಮೆ. ಯೆಮನ್ ದೇಶದ ಹದ್ರಮೌತ್ ಕಡೆಯಿಂದ ಬಂದ ವ್ಯಾಪಾರಿಗಳು, ಧರ್ಮಗುರುಗಳು ತಂದ ಕುಣಿತ ಅದು. ಬಂದಾಗ ಗಂಡಸರು ಮಾತ್ರ ಕುಣಿಯುತ್ತಿದ್ದರು. ಮಲಯ್ ಹಳ್ಳಿಗಳಿಗೆ ಇಳಿದ ಮೇಲೆ ಅದು ಮೆತ್ತಗಾಯಿತು. ಅರಬ್ಬರ ತಂತಿವಾದ್ಯವಾದ ಗಂಬುಸ್ ಹಾಗೇ ಉಳಿಯಿತು. ಮರ್ವಾಸ್ ಎಂಬ ಪುಟ್ಟ ಚರ್ಮವಾದ್ಯವೂ ಉಳಿಯಿತು, ಅಂಗೈಯಲ್ಲಿ ಹಿಡಿದು ಬೆರಳಿನಲ್ಲಿ ಬಾರಿಸುವಷ್ಟು ಚಿಕ್ಕದು. ಆದರೆ ಹೆಜ್ಜೆಗಳಿಗೆ ಹಳ್ಳಿಯವರು ತಮ್ಮ ಸುತ್ತ ಕಂಡದ್ದರ ಹೆಸರಿಟ್ಟರು. ತಿತಿ ಬಾತಾಂಗ್ ಅಂದರೆ ತೋಡಿಗೆ ಅಡ್ಡ ಹಾಕಿದ ಮರದ ದಿಮ್ಮಿ ಮೇಲೆ ನಡೆಯುವುದು, ನಮ್ಮ ಕಾಲುಸಂಕ ಇದೆಯಲ್ಲ, ಅದೇ. ಸಿಕು ಕೆಲುವಾಂಗ್ ಅಂದರೆ ಬಾವಲಿಯ ಮೊಣಕೈ. ಲೊಂಚಾತ್ ತಿಯೋಂಗ್ ಅಂದರೆ ಗೊರವಂಕ ಹಕ್ಕಿಯ ಜಿಗಿತ. ಅನಾಕ್ ಆಯಾಂ ಅಂದರೆ ಕೋಳಿಮರಿ. ಈ ಹೆಸರು ಕೇಳಿದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅವತ್ತು ಮನೆಗೆ ಬಂದು ಅಡುಗೆ ಮನೆಯಲ್ಲಿ ಕೋಳಿಮರಿ ಹೆಜ್ಜೆ ಹಾಕುತ್ತಲೇ ಒಗ್ಗರಣೆ ಕೊಟ್ಟೆ.

ನೋಡುವುದಕ್ಕೆ ಜಾಪಿನ್ ಸುಲಭ ಅನ್ನಿಸುತ್ತದೆ. ಸುಮ್ನೆ ನಡೆದ ಹಾಗೇ ಇರುತ್ತದೆ. ಆರು ತಿಂಗಳು ನಾನು ಕಲಿತದ್ದು ಆ ನಡಿಗೆಯನ್ನೇ. ಮಂಡಿ ಸದಾ ಸ್ವಲ್ಪ ಬಾಗಿರಬೇಕು. ತಲೆಯ ಮೇಲೆ ನೀರಿನ ಕೊಡ ಇದ್ದ ಹಾಗೆ ಮೈ ಒಂದೇ ಮಟ್ಟದಲ್ಲಿ ಸಾಗಬೇಕು. ಕೈ ತೀರಾ ಮೇಲೆ ಹೋಗಬಾರದು, ಹಲ್ಲು ಕಾಣುವ ನಗು ಬೇಡ. ಚಿಕ್ಗು ಕ್ಯಾಸೆಟ್ ಹಾಕುತ್ತಿರಲಿಲ್ಲ. ಸ್ಟೀಲ್ ಟಿಫಿನ್ ಡಬ್ಬಿಯ ಮುಚ್ಚಳವನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡು ಎರಡು ಬೆರಳಲ್ಲಿ ಮರ್ವಾಸ್ ಪೆಟ್ಟು ಹಾಕುತ್ತಿದ್ದರು. ನನ್ನ ಮಂಡಿ ಗಟ್ಟಿಯಾದ ಕೂಡಲೇ ಪೆಟ್ಟು ನಿಲ್ಲುತ್ತಿತ್ತು. ಅವರು ಏನೂ ಹೇಳುತ್ತಿರಲಿಲ್ಲ. ನಾನೇ ಮಂಡಿ ಬಾಗಿಸಬೇಕು, ಆಮೇಲೆ ಪೆಟ್ಟು ಮತ್ತೆ ಶುರು. ಈಗಲೂ ಬಸ್ಸಿಗೆ ಕಾಯುವಾಗ ಎಲ್ಲಾದರೂ ಆ ಥರದ ಸದ್ದು ಕೇಳಿದರೆ ಮಂಡಿ ತಾನಾಗಿ ಬಾಗುತ್ತದೆ.

ಹಾಡಿನ ಶುರುವಿನಲ್ಲಿ ಗಂಬುಸ್ ಒಂದೇ ಮಾತಾಡುತ್ತದೆ. ಅದಕ್ಕೆ ತಕ್ಸಿಂ ಅನ್ನುತ್ತಾರೆ. ಕುಣಿಯುವವರು ಬಂದು ಕುಳಿತು ವಂದನೆ ಮಾಡುವ ಹೊತ್ತು ಅದು. ಆಮೇಲೆ ಹಾಡು, ನಡುನಡುವೆ ಮರ್ವಾಸ್‌ಗಳೆಲ್ಲ ಒಟ್ಟಿಗೆ ಜೋರಾಗಿ ಬೀಳುವ ಕೋಪಾಕ್, ಆಗ ಜಿಗಿತ. ಕೊನೆಗೆ ತಹ್ತಿಂ, ಮುಕ್ತಾಯ. ನಮ್ಮ ಭಾಗವತರ ಬಿಡ್ತಿಗೆ, ಮುಕ್ತಾಯಕ್ಕೆ ಕಿವಿ ಪಳಗಿದವರಿಗೆ ಇದನ್ನು ಹಿಡಿಯುವುದು ಕಷ್ಟವಲ್ಲ.

ಜೋಗೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮದುವೆ ಮನೆಯ ಕುಣಿತ, ಬಂದವರೆಲ್ಲ ಎದ್ದು ಕುಣಿಯಬಹುದು, ಕಲಿತಿರಲೇಬೇಕು ಅಂತಿಲ್ಲ. 1511ರಲ್ಲಿ ಪೋರ್ಚುಗೀಸರು ಮಲಾಕಾ ಹಿಡಿದರಲ್ಲ, ಅವರ ಕುಣಿತದ ಗಾಳಿ ಅದರಲ್ಲಿದೆ. ಪಿಟೀಲು, ಅಕಾರ್ಡಿಯನ್, ರೆಬಾನಾ ಎಂಬ ಚರ್ಮವಾದ್ಯ, ಗಾಂಗ್ ಎಲ್ಲ ಒಟ್ಟಿಗೆ. ಎರಡರ ಲಯ, ಮೂರರ ಲಯ ಒಂದರ ಮೇಲೊಂದು ಬಿದ್ದು ಕಾಲನ್ನು ಕುಟುಕುತ್ತವೆ. ಜೋಗೆಟ್ ಉಳಿಯುತ್ತದೋ ಇಲ್ಲವೋ ಅಂತ ನನಗೆ ಒಂದು ದಿನವೂ ಚಿಂತೆಯಾಗಿಲ್ಲ. ಮದುವೆ ಇರುವವರೆಗೂ ಅದು ಇರುತ್ತದೆ.

ಚಿಂತೆ ಇರುವುದು ಮಾಕ್ ಯೋಂಗ್ ಬಗ್ಗೆ. ಇವತ್ತು ನಾನು ಮಾತಾಡಲು ಒಪ್ಪಿಕೊಂಡದ್ದೇ ಅದಕ್ಕೋಸ್ಕರ.

ಮಾಕ್ ಯೋಂಗ್ ಕೆಲಂತಾನಿನದು. ಕುಣಿತ, ಹಾಡು, ಮಾತು, ಹಾಸ್ಯ ಎಲ್ಲ ಸೇರಿದ ಆಟ. ಒಂದು ಕಥೆ ಹಲವು ರಾತ್ರಿ ನಡೆಯುತ್ತಿತ್ತು. ಮಾತು ಬರೆದಿಟ್ಟಿರುವುದಿಲ್ಲ, ಆ ಕ್ಷಣಕ್ಕೆ ಹುಟ್ಟಬೇಕು. ಪೆರಾನ್ ಎಂಬ ಹಾಸ್ಯಗಾರ ಇರುತ್ತಾನೆ, ರಾಜನ ಸೇವಕ, ಊರಿನ ಸುದ್ದಿಯನ್ನೆಲ್ಲ ಕಥೆಯೊಳಗೆ ತರುತ್ತಾನೆ. ಇಷ್ಟು ಹೇಳಿದರೆ ಕರಾವಳಿಯವರಿಗೆ ಮುಂದೆ ವಿವರಿಸಬೇಕಾಗಿಲ್ಲ ಅಲ್ವಾ? ಆದರೆ ಒಂದು ಕಡೆ ಅದು ನಮ್ಮ ಯಕ್ಷಗಾನಕ್ಕೆ ಪೂರಾ ಉಲ್ಟಾ. ನಮ್ಮಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಾರೆ. ಅಲ್ಲಿ ಹೆಂಗಸರು ರಾಜನಾಗುತ್ತಾರೆ. ರಾಜನ ಪಾತ್ರಕ್ಕೆ ಪಾಕ್ ಯೋಂಗ್ ಅಂತ ಹೆಸರು. ಅವಳ ಕೈಯಲ್ಲಿ ಸೀಳಿದ ಬಿದಿರಿನ ಕಂತೆ ಇರುತ್ತದೆ, ಅದರಲ್ಲಿ ಪೆರಾನ್‌ಗೆ ಪಟ್ ಅಂತ ಒಂದು ಕೊಡುತ್ತಾಳೆ. ಹಳ್ಳಿಯಲ್ಲಿ ಗದ್ದೆ ಕೆಲಸ ಮಾಡಿಕೊಂಡಿದ್ದ ಹೆಂಗಸು ರಾತ್ರಿ ರಾಜನಾಗಿ, ಗಂಡಸರಿಗೆ ಅಪ್ಪಣೆ ಕೊಡುತ್ತಾ, ಊರಿಗೆ ಊರೇ ನೋಡುತ್ತಿರುವಾಗ ನಿಲ್ಲುತ್ತಿದ್ದಳು.

ಆಟ ಶುರುವಾಗುವುದು ಮೆಂಗಾಡಾಪ್ ರೆಬಾಬ್‌ನಿಂದ. ರೆಬಾಬಿಗೆ ಮುಖ ಮಾಡುವುದು ಅಂತ ಅದರ ಅರ್ಥ. ನಾನು ಇದನ್ನು ಮೊದಲ ಸಲ ನೋಡಿದ್ದು ಕ್ವಾಲಾಲಂಪುರದಲ್ಲಿ, ತುಂಬಾ ಚಿಕ್ಕ ಒಂದು ಜಾಗದಲ್ಲಿ. ನೆಲಕ್ಕೆ ಚಾಪೆ ಹಾಸಿತ್ತು. ರೆಬಾಬ್ ನುಡಿಸುವ ಅಜ್ಜ ಮೊದಲೇ ಕುಳಿತಿದ್ದರು. ಮೂರು ತಂತಿಯ ವಾದ್ಯ, ಕಮಾನು ಹಾಕಿ ಎಳೆದರೆ ಯಾರೋ ಗಂಟಲು ಕಟ್ಟಿಕೊಂಡು ಕರೆಯುತ್ತಿರುವ ಹಾಗೆ ಕೇಳುತ್ತದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವರ ಕಡೆ ಮುಖ ಮಾಡಿ ಕುಳಿತರು. ನೋಡಲು ಬಂದ ನಮ್ಮ ಕಡೆ ಅಲ್ಲ, ರೆಬಾಬಿನ ಕಡೆ. ಕುಳಿತಲ್ಲಿಂದಲೇ ಕುಣಿತ. ಒಂದು ಕೈ ನೆಲದಿಂದ ಎದೆಯವರೆಗೆ ಏಳಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂದರೆ, ನನಗೆ ಮೊದಲು ಚಡಪಡಿಕೆಯಾಯಿತು, ಫೋನ್ ನೋಡಬೇಕು ಅನ್ನಿಸಿತು, ಆಮೇಲೆ ಯಾವಾಗಲೋ ಆ ಕೈಯ ಜೊತೆ ನನ್ನ ಉಸಿರೂ ನಿಧಾನವಾಗಿತ್ತು. ಬೆರಳುಗಳು ಹಿಂದಕ್ಕೆ ಬಾಗುತ್ತವೆ, ಮಣಿಕಟ್ಟು ತಿರುಗುತ್ತದೆ, ಮೈ ಮುಂದಕ್ಕೆ ವಾಲಿ ಮತ್ತೆ ಮೇಲೇಳುತ್ತದೆ. ಆನೆ ಸೊಂಡಿಲು ಬೀಸುವುದು, ಹೆಬ್ಬಾವು ಸುರುಳಿ ಬಿಚ್ಚುವುದು ಎಂದೆಲ್ಲ ಆ ಚಲನೆಗಳಿಗೆ ಹೆಸರಿದೆಯಂತೆ, ಆಮೇಲೆ ಕೇಳಿ ತಿಳಿದದ್ದು. ನನ್ನ ಹತ್ತಿರ ಕೂತಿದ್ದ ಒಬ್ಬ ಅಜ್ಜಿಯ ಬೆರಳುಗಳು ಮಡಿಲಲ್ಲಿ ಹಾಗೇ ಬಾಗುತ್ತಿದ್ದವು. ಅವರ ಕಣ್ಣು ಮುಚ್ಚಿತ್ತು.

ಈ ಮಾಕ್ ಯೋಂಗ್ ಅನ್ನು ಯುನೆಸ್ಕೋ 2005ರಲ್ಲಿ ಮನುಕುಲದ ಅಮೂಲ್ಯ ಪರಂಪರೆ ಎಂದು ಸಾರಿತು. 2008ರಲ್ಲಿ ತನ್ನ ಪಟ್ಟಿಗೂ ಸೇರಿಸಿತು. ಆದರೆ ಆ ಹೊತ್ತಿಗೆ ಅದರ ಹುಟ್ಟೂರಿನಲ್ಲೇ ಅದನ್ನು ಬಹಿರಂಗವಾಗಿ ಆಡುವ ಹಾಗಿರಲಿಲ್ಲ. ಕೆಲಂತಾನಿನಲ್ಲಿ 1990ರಲ್ಲಿ ಇಸ್ಲಾಮಿಕ್ ಪಕ್ಷದ ಸರಕಾರ ಬಂತು. 1991ರಿಂದ ಮಾಕ್ ಯೋಂಗ್ ಮೇಲೆ, ತೊಗಲುಗೊಂಬೆಯಾಟದ ಮೇಲೆ ನಿರ್ಬಂಧ. 1998ರಲ್ಲಿ ಮನರಂಜನೆಯ ಮೇಲೆ ಹಿಡಿತ ಇಡುವ ಕಾಯ್ದೆಯೂ ಬಂತು. ಹೆಂಗಸರು ಗಂಡಸರೊಂದಿಗೆ ವೇದಿಕೆ ಮೇಲೆ ಇರುವುದು, ಇಸ್ಲಾಮಿಗೂ ಮುಂಚಿನ ಪೂಜೆ, ಪ್ರಾರ್ಥನೆಗಳು, ಇವೇ ಆಕ್ಷೇಪ. 2017ರಲ್ಲಿ ವಿಶ್ವಸಂಸ್ಥೆಯ ಸಾಂಸ್ಕೃತಿಕ ಹಕ್ಕುಗಳ ವಿಶೇಷ ವರದಿಗಾರ್ತಿ ಕರೀಮಾ ಬೆನ್ನೂನ್ ಮಲೇಷ್ಯಾಕ್ಕೆ ಬಂದಾಗ ಈ ನಿಷೇಧ ತೆಗೆಯಬೇಕು ಎಂದು ಹೇಳಿ ಹೋದರು. 2019ರಲ್ಲಿ ನಿಷೇಧ ಹೋಯಿತು, ಆದರೆ ಷರತ್ತುಗಳೊಂದಿಗೆ. ಆಟ ಷರಿಯಾಕ್ಕೆ ಹೊಂದಬೇಕು, ಪೂಜೆಯ ಅಂಶ ಇರಬಾರದು.

ಸುಮಾರು ಇಪ್ಪತ್ತೆಂಟು ವರ್ಷ. ಒಬ್ಬ ಹುಡುಗಿ ಹುಟ್ಟಿ, ಬೆಳೆದು, ಮದುವೆಯಾಗಿ, ಅವಳಿಗೊಂದು ಮಗು ಆಗುವಷ್ಟು ಕಾಲ. ಅಷ್ಟು ಕಾಲ ಊರಿನ ಬಯಲಿನಲ್ಲಿ ಆಟ ಇಲ್ಲ ಅಂದರೆ, ಅಮ್ಮನ ಮಡಿಲಲ್ಲಿ ಅರೆನಿದ್ದೆಯಲ್ಲಿ ರೆಬಾಬ್ ಕೇಳಿದ ಮಕ್ಕಳು ಇಲ್ಲ. ಕುಣಿತ ಕಲಿಯುವುದು ಕಾಲಿನಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಶುರುವಾಗುವುದು ಆ ಅರೆನಿದ್ದೆಯಲ್ಲಿ.

ಇಲ್ಲಿ ನಿಮ್ಮನ್ನೇ ಒಂದು ಕೇಳುತ್ತೇನೆ. ನಮ್ಮ ಯಕ್ಷಗಾನ ಯಾಕೆ ಇನ್ನೂ ಗಟ್ಟಿಯಾಗಿ ನಿಂತಿದೆ? ಅಕಾಡೆಮಿಯಿಂದ, ಪ್ರಶಸ್ತಿಯಿಂದ ಅಂತ ನನಗೆ ಅನ್ನಿಸುವುದಿಲ್ಲ. ಹರಕೆಯಿಂದ. ಮಂದಾರ್ತಿಯಲ್ಲಿ, ಕಟೀಲಿನಲ್ಲಿ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು ಈ ಸಭೆಯಲ್ಲೇ ಇರಬಹುದು. ಮಗು ಹುಷಾರಾಯಿತು, ಮನೆ ಕಟ್ಟಿ ಮುಗಿಯಿತು, ಒಂದು ಆಟ ಆಡಿಸುತ್ತೇವೆ. ಕಲೆ ಉಳಿಸಬೇಕು ಅಂತ ಯಾರೂ ಆಡಿಸುವುದಲ್ಲ. ಕೊಟ್ಟ ಮಾತು ತೀರಿಸಲು ಆಡಿಸುವುದು. ಕೆಲಂತಾನಿನಲ್ಲೂ ಹಾಗೇ ಇತ್ತು. ಹರಕೆ ತೀರಿಸಲು ಮಾಕ್ ಯೋಂಗ್ ಆಡಿಸುತ್ತಿದ್ದರು, ಕಾಯಿಲೆ ವಾಸಿಯಾಗಲು ಆಡಿಸುತ್ತಿದ್ದರು. ಈಗಿನ ಷರತ್ತು ತೆಗೆಯಲು ಹೇಳುವುದು ಅದನ್ನೇ. ಆಟ ಇರಲಿ, ಹರಕೆ ಬೇಡ. ಕುಣಿತ ಇರಲಿ, ಕಾರಣ ಬೇಡ. ನನ್ನ ಮಟ್ಟಿಗೆ ಇದು ಬೇರು ಕಿತ್ತು ಹೂವನ್ನು ನೀರಿನಲ್ಲಿ ಇಟ್ಟ ಹಾಗೆ. ಎರಡು ದಿನ ಚೆನ್ನಾಗಿ ಕಾಣುತ್ತದೆ.

ಒಂದು ವಿಷಯ ತಪ್ಪು ತಿಳಿಯಬೇಡಿ. ಇದನ್ನು ಧರ್ಮಕ್ಕೂ ಕಲೆಗೂ ಜಗಳ ಅಂತ ನೋಡಿದರೆ ನಾವು ಎಡವುತ್ತೇವೆ. ಮಾಕ್ ಯೋಂಗ್ ಕಲಾವಿದರು ಐದು ಹೊತ್ತು ನಮಾಜು ಮಾಡುವ ಮುಸಲ್ಮಾನರೇ. ಜಾಪಿನ್ ಅಂತೂ ಇಸ್ಲಾಮಿನ ಜೊತೆಗೇ ಬಂದ ಕುಣಿತ, ಧಾರ್ಮಿಕ ಸಂಭ್ರಮಗಳಲ್ಲಿ ಕುಣಿಯುತ್ತಿದ್ದದ್ದು. ಚಿಕ್ಗು ಸಂಜೆಯ ಮಗ್‌ರಿಬ್ ಪ್ರಾರ್ಥನೆ ಮುಗಿಸಿ ಬಂದೇ ನಮಗೆ ಪಾಠ ಶುರು ಮಾಡುತ್ತಿದ್ದರು. ಅವರಿಗೆ ಎರಡರ ನಡುವೆ ಗೋಡೆ ಕಂಡದ್ದೇ ಇಲ್ಲ.

ಹಾಗಾದರೆ ಇಷ್ಟು ವರ್ಷ ಉಳಿಸಿದವರು ಯಾರು? ಕಲಾವಿದರೇ. ಖತೀಜಾ ಅವಾಂಗ್ ಎಂಬ ದೊಡ್ಡ ಕಲಾವಿದೆ ಇದ್ದರು, 1970ರಲ್ಲಿ ಸೆರಿ ತೆಮೆಂಗ್ಗುಂಗ್ ಎಂಬ ತಂಡ ಕಟ್ಟಿದವರು. 1999ರಲ್ಲಿ ಮಲೇಷ್ಯಾ ಅವರಿಗೆ ಸೆನಿಮಾನ್ ನೆಗಾರಾ, ಅಂದರೆ ರಾಷ್ಟ್ರ ಕಲಾವಿದೆ ಎಂಬ ಗೌರವ ಕೊಟ್ಟಿತು. ಮರುವರ್ಷವೇ ತೀರಿಹೋದರು. ಕ್ವಾಲಾಲಂಪುರದಲ್ಲಿ 1994ರಲ್ಲಿ ಶುರುವಾದ ರಾಷ್ಟ್ರೀಯ ಕಲಾ ಅಕಾಡೆಮಿ ಇದೆ, ಈಗ ಆಸ್ವಾರಾ ಅನ್ನುತ್ತಾರೆ. ಅಲ್ಲಿ ಮಾಕ್ ಯೋಂಗ್ ಪಾಠ ಇದೆ, ಹಿರಿಯ ಕಲಾವಿದರೇ ಬಂದು ಕಲಿಸಿದ್ದಾರೆ. ಹುಟ್ಟೂರಿನಲ್ಲಿ ಜಾಗ ಸಿಗದ ಕುಣಿತಕ್ಕೆ ರಾಜಧಾನಿಯ ತರಗತಿ ಆಸರೆಯಾಯಿತು. ಅದು ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಪುಸಾಕಾ ಎಂಬ ಸಂಸ್ಥೆಯ ದಾರಿ ಬೇರೆ. ಅವರು ಕೆಲಂತಾನಿನ ಹಳ್ಳಿಗಳಿಗೇ ಹೋಗಿ, ಅಲ್ಲಿಯ ಕುಟುಂಬಗಳ ಜೊತೆ ಕೂತು ಕೆಲಸ ಮಾಡುತ್ತಾರೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ತರಗತಿಯಲ್ಲಿ ಹೆಜ್ಜೆ ಸಿಗುತ್ತದೆ. ಹೆಜ್ಜೆ ಯಾಕೆ ಅನ್ನುವುದು ಹಳ್ಳಿಯಲ್ಲಿದೆ.

ಸಿಂಗಾಪುರದ್ದು ಇನ್ನೊಂದು ಕಥೆ. ಅಲ್ಲಿ ನಿಷೇಧ ಯಾರೂ ಹಾಕಲಿಲ್ಲ. ಹಳ್ಳಿಗಳೇ ಹೋದವು. ಕಾಂಪೋಂಗ್ ಎಂದು ಕರೆಯುವ ಮಲಯ್ ಕೇರಿಗಳನ್ನು ತೆಗೆದು ಎಲ್ಲರನ್ನೂ ಎತ್ತರದ ಫ್ಲಾಟುಗಳಿಗೆ ಕಳಿಸಿದರು. ಅಂಗಳ ಹೋದರೆ ಅಂಗಳದ ಕುಣಿತ ಎಲ್ಲಿ? ಫ್ಲಾಟುಗಳ ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಮಲಯ್ ಮದುವೆಗಳು ನಡೆಯುತ್ತವೆ, ಕೊಂಪಾಂಗ್ ಎಂಬ ಚರ್ಮವಾದ್ಯ ಬಡಿದು ಮದುಮಗನನ್ನು ಕರೆತರುತ್ತಾರೆ, ಆ ಕಾಂಕ್ರೀಟು ಕಂಬಗಳ ನಡುವೆಯೇ ಜೋಗೆಟ್. ಕುಣಿತ ಶಾಲೆಗಳಿಗೆ ಬಂತು, ಸಮುದಾಯ ಭವನಗಳಿಗೆ ಬಂತು. ಸೋಮ್ ಸಯೀದ್ ಎಂಬ ಹಿರಿಯ ಕಲಾವಿದೆ ಇದಕ್ಕೆ ಜೀವ ತೇಯ್ದವರು. 1987ರಲ್ಲಿ ಅವರಿಗೆ ಸಿಂಗಾಪುರದ ಅತಿ ದೊಡ್ಡ ಕಲಾ ಪ್ರಶಸ್ತಿ ಬಂತು, 1997ರಲ್ಲಿ ಶ್ರೀ ವಾರಿಸಾನ್ ಎಂಬ ತಂಡ ಕಟ್ಟಿದರು. ಅಸ್ಲಿ, ಇನಾಂಗ್, ಜೋಗೆಟ್, ಜಾಪಿನ್, ಮಸ್ರಿ ಎಂಬ ಐದು ಬುನಾದಿ ಕುಣಿತಗಳನ್ನು ಅಲ್ಲಿಯ ಮಕ್ಕಳು ಇವತ್ತಿಗೂ ಕಲಿಯುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಕೇಳಿದರು: "ತಂಗಿ, ನಮ್ಮದೇ ಇಷ್ಟಿರುವಾಗ ಅವರದ್ದನ್ನು ಹೊತ್ತುಕೊಂಡು ಯಾಕೆ ತಿರುಗುತ್ತೀ?"

ನಾನು ಅವರಿಗೆ ಹಿಂಗಾರದ ಕಥೆ ಹೇಳಿದೆ. ತೆರೆಂಗಾನು ಎಂಬ ಕಡಲ ತೀರದ ರಾಜ್ಯದಲ್ಲಿ ಉಲೆಕ್ ಮಾಯಾಂಗ್ ಎಂಬ ಕುಣಿತ ಇದೆ. ಮಾಯಾಂಗ್ ಅಂದರೆ ಹಿಂಗಾರ, ಅಡಿಕೆಯ ಹೂಗೊನೆ. ಮೀನುಗಾರನೊಬ್ಬ ಕಡಲಿನ ರಾಜಕುಮಾರಿಯ ಕಣ್ಣಿಗೆ ಬಿದ್ದು ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಬಿಡಿಸಲು ಹಿಂಗಾರ ಹಿಡಿದು ಹಾಡುತ್ತಾರೆ. ರಾಜಕುಮಾರಿಯರು ಒಬ್ಬೊಬ್ಬರಾಗಿ ಬರುತ್ತಾರೆ, ಕೊನೆಗೆ ಏಳನೆಯವಳು, ಎಲ್ಲರಿಗೂ ಹಿರಿಯಳು, ಬಂದು ಜಗಳ ಬಿಡಿಸುತ್ತಾಳೆ. ಕಡಲಿನವರು ಕಡಲಿಗೆ, ನೆಲದವರು ನೆಲಕ್ಕೆ. ಮೊದಲ ಸಲ ಇದನ್ನು ನೋಡಿದಾಗ ಹುಡುಗಿಯ ಕೈಯಲ್ಲಿ ಹಿಂಗಾರ ನಡುಗುತ್ತಿತ್ತು, ಬಿಳಿ ಹೂವು ಉದುರುತ್ತಿತ್ತು, ನನಗೆ ನಮ್ಮೂರಿನ ನಾಗದರ್ಶನದ ಪಾತ್ರಿಯ ಕೈ ಕಣ್ಣೆದುರು ಬಂತು. ಅದೇ ಹೂವು, ಅದೇ ನಡುಕ, ಅದೇ ವಾಸನೆ. ಸಮುದ್ರದ ಆ ದಡದಲ್ಲಿ ಕೂತು ನಾನು ಅತ್ತುಬಿಟ್ಟೆ. ಅವರದ್ದು, ನಮ್ಮದು ಅಂತ ಗೆರೆ ಎಳೆಯಲು ಅವತ್ತಿನಿಂದ ನನಗೆ ಆಗಿಲ್ಲ ಅಂತ ಅವರಿಗೆ ಹೇಳಿದೆ. ಅವರು ತಲೆ ಆಡಿಸಿದರು.

ಇನ್ನೊಂದು ಸಂಗತಿ ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಚಿಕ್ಗು ಪಾಠ ಮಾಡುತ್ತಿದ್ದ ಸಭಾಂಗಣವನ್ನು ನಾನು ಊರಿಗೆ ಮರಳುವ ಹಿಂದಿನ ವರ್ಷ ಬೇರೆ ಏನಕ್ಕೋ ಕೊಟ್ಟುಬಿಟ್ಟರು. ಒಂದು ವಾರದ ನೋಟಿಸು, ಅಷ್ಟೇ. ಚಿಕ್ಗು ಯಾರ ಹತ್ತಿರವೂ ವಾದ ಮಾಡಲಿಲ್ಲ. ಅವರ ಮನೆಯ ಮುಂದೆ ಕಾರು ನಿಲ್ಲಿಸುವ ಜಾಗ ಇತ್ತು, ಕಾರನ್ನು ರಸ್ತೆಗೆ ಹಾಕಿ ಅಲ್ಲೇ ಪಾಠ ಶುರು ಮಾಡಿದರು. ಚಪ್ಪಲಿಗಳನ್ನು ಗೇಟಿನ ಹತ್ತಿರ ಸಾಲಾಗಿ ಬಿಡುತ್ತಿದ್ದೆವು.

ಪಕ್ಕದ ಬೀದಿಯ ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, ಸೈಕಲ್ ಮೇಲೆ ಬಂದು ಗೇಟಿನಾಚೆ ನಿಲ್ಲುತ್ತಿದ್ದ. ಒಂದು ಕಾಲು ಪೆಡಲ್ ಮೇಲೆ, ಒಂದು ಕಾಲು ನೆಲದ ಮೇಲೆ. ಕರೆದರೆ ಓಡುತ್ತಿದ್ದ. ನಾಲ್ಕನೇ ವಾರ ನಾನು ಗಮನಿಸಿದೆ, ನೆಲದ ಮೇಲಿದ್ದ ಕಾಲು ಡಬ್ಬಿ ಮುಚ್ಚಳದ ಪೆಟ್ಟಿಗೆ ಸರಿಯಾಗಿ ಹಿಮ್ಮಡಿ ಎತ್ತಿ ಇಳಿಸುತ್ತಿತ್ತು. ಚಿಕ್ಗುಗೆ ಕಣ್ಣಲ್ಲೇ ತೋರಿಸಿದೆ. ಅವರು ಆಗಲೇ ನೋಡಿದ್ದರು. "ಕರೆಯಬೇಡ" ಅಂದರು. ಎದ್ದು ಹೋಗಿ, ಗೇಟಿಗೆ ಅಡ್ಡ ಇದ್ದ ದೊಡ್ಡ ಹೂಕುಂಡವನ್ನು ಪಕ್ಕಕ್ಕೆ ಎಳೆದಿಟ್ಟು, ಗೇಟನ್ನು ಪೂರಾ ತೆರೆದು, ಬಂದು ಕೂತು ಮತ್ತೆ ಮುಚ್ಚಳ ಬಾರಿಸತೊಡಗಿದರು.

ಮುಂದಿನ ಗುರುವಾರ ಪಾಠ ಮುಗಿಸಿ ಹೊರಗೆ ಬಂದಾಗ, ಸಾಲಿನ ಕೊನೆಯಲ್ಲಿ ಒಂದು ಜೊತೆ ಚಪ್ಪಲಿ ಜಾಸ್ತಿ ಇತ್ತು, ಚಿಕ್ಕದು.